ಒಂದು ಒಲೆಗೆ ಒಂದು ಕಾರ್ಡು

ರೇಷನ್ ಅಂಗಡಿಯವನನ್ನು ನಂಬಿದ ಊರು ಈ ಭೂಮಿ ಮೇಲೆ ಎಲ್ಲೂ ಇಲ್ಲ. ಹೊಸದಾಗಿ ಬಂದ ಸೊಸೆಗೂ ಮೊದಲ ವಾರದಲ್ಲೇ ಅತ್ತೆ ಹೇಳಿಕೊಟ್ಟಿರುತ್ತಾಳೆ: ತಕ್ಕಡಿ ಮುಳ್ಳು ನೋಡು, ಅವನ ಬೆರಳು ನೋಡು, ಮುಖ ಮಾತ್ರ ನೋಡಬೇಡ. ನಾನು ಆ ತಕ್ಕಡಿ ಹಿಡಿದು ನಿಂತವನು. ನನ್ನೂರು ತಮಿಳುನಾಡಿನ ಕಂಬೈನಲ್ಲೂರು ಕಡೆ, ಕೆಲಸ ಸಿಕ್ಕಿದ್ದು ಮೇಚೇರಿಯಿಂದ ಮೆಟ್ಟೂರಿಗೆ ಹೋಗುವ ದಾರಿಯ ಒಂದು ಕನ್ನಡದವರ ಹಳ್ಳಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಅಕ್ಕಿ ಬರಲಿಲ್ಲವೆಂದರೆ ನಾನು ಕಳ್ಳ. ಬಂದ ಅಕ್ಕಿಯಲ್ಲಿ ಕಲ್ಲಿದ್ದರೆ ನಾನು ಕಳ್ಳ. ಸೀಮೆಎಣ್ಣೆ ಲಾರಿ ಮೆಟ್ಟೂರಲ್ಲಿ ಕೆಟ್ಟು ನಿಂತರೂ ನಾನೇ ಕಳ್ಳ! ಬೈಗುಳ ತಿಂದು ತಿಂದು ಚರ್ಮ ದಪ್ಪವಾಗಿತ್ತು, ಬಿಡಿ.

ಮೊನ್ನೆ ನನ್ನ ಹೆಂಡತಿ ಕೇಳಿದಳು, "ಅಷ್ಟು ವರ್ಷ ಅಷ್ಟು ಜನಕ್ಕೆ ತೂಗಿದ್ರಲ್ಲ, ಯಾರ ಮುಂದಾದ್ರೂ ನಿಮ್ಮ ತಲೆ ಬಗ್ಗಿತಾ?" ಕೇಳಬೇಕಾದ್ದೇ ಇಲ್ಲ, ಉತ್ತರ ಅವಳಿಗೂ ಗೊತ್ತು. ಆದರೂ ಬರೆದಿಡಿ ಅಂತ ಹಟ. ಅವಳು ಕೊಳ್ಳೇಗಾಲದ ಕಡೆಯವಳು. ಮನೆಯಲ್ಲಿ ಆಡುತ್ತಿದ್ದ ಕನ್ನಡವನ್ನು ಬರೆಯೋದಕ್ಕೆ ನನಗೆ ಕಲಿಸಿದವಳೂ ಅವಳೇ. ನಾನು ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ಇಲ್ಲಿ ತಪ್ಪಿದ್ದರೆ ಅವಳನ್ನು ಕೇಳಿ.

ನಾನು ಹೇಳುತ್ತಿರುವುದು ಆ ಹಳ್ಳಿಯಲ್ಲಿ ಮನೆಮನೆಗೆ ಮಣ್ಣಿನ ಒಲೆ ಹಾಕುತ್ತಿದ್ದ ಒಬ್ಬ ಅವ್ವನ ವಿಷಯ. ಊರಿಗೆಲ್ಲ ಅವಳು ಬರೀ ಅವ್ವ. ಮಕ್ಕಳಿಲ್ಲ, ಗಂಡ ಎಂದೋ ತೀರಿಹೋಗಿದ್ದ. ಗಿಡ್ಡ ಆಳು, ಕಪ್ಪು ಬಣ್ಣ, ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಹೆಗಲ ಮೇಲೊಂದು ಕರೀ ಕಂಬಳಿ. ಉಗುರಿನ ಸಂದಿಯಲ್ಲಿ ಸದಾ ಕೆಂಪು ಮಣ್ಣು. ಬಾಯಿ ತುಂಬ ಎಲೆ ಅಡಿಕೆ, ಅದರ ಹಿಂದೆ ಬಾಯಿ ತುಂಬ ಬೈಗುಳ. ಮೊದಲನೇ ಸಲ ಅಂಗಡಿಗೆ ಬಂದಾಗ ಸಕ್ಕರೆ ಇನ್ನೂ ಬಂದಿಲ್ಲ ಅಂದೆ. "ದೇವರು ವರ ಕೊಟ್ರೂ ಪೂಜಾರಿ ವರ ಕೊಡ" ಅಂತ ನನ್ನ ಮುಖಕ್ಕೇ ಎಸೆದಳು. ಹೋಗುವಾಗ ತಿರುಗಿ, "ಏನ್ಲಾ ಸ್ಟೋರು ತಮ್ಮಾ, ನಿಂಗೆ ಅಡಿಗೆ ಯಾರ್ಲಾ ಮಾಡಾದು?" ಅಂದಳು. ಓಟಲಿನಲ್ಲಿ ತಿಂತೀನಿ ಅಂದೆ. "ಥೂ!" ಅಂತ ಉಗಿದು ಹೋದಳು.

ಮಾರನೆಯ ದಿನ ಬೆಳಿಗ್ಗೆ ನನ್ನ ಬಾಡಿಗೆ ಕೋಣೆ ಮುಂದೆ ಮಣ್ಣಿನ ಬುಟ್ಟಿ ಇಳಿಸಿದ್ದಳು. ಹುತ್ತದ ಮಣ್ಣು, ಕೆರೆ ಮಣ್ಣು, ರಾಗಿ ಹೊಟ್ಟು, ಅದರ ಜೊತೆ ಒಂದು ಹಿಡಿ ಕುರಿ ಉಣ್ಣೆ. ಉಣ್ಣೆ ಸೇರಿಸಿ ತುಳಿದರೆ ಒಲೆ ಬಿರುಕು ಬಿಡೋದಿಲ್ಲವಂತೆ. ಕುರಿ ಸಾಕುವ ಊರಲ್ಲಿ ಒಲೆಯ ಮೈಯಲ್ಲೂ ಕುರಿ. ಅಡಿಗೆ ಮಾಡುವವರ ಗೇಣು ಅಳೆದೇ ಒಲೆಯ ಬಾಯಿ ಬಿಡಬೇಕು ಅನ್ನೋದು ಅವಳ ಕಟ್ಟಳೆ. ನನ್ನ ಕೈ ಹಿಡಿದು ಬಿಡಿಸಿ ನೋಡಿದಳು. "ಅಯ್ಯೋ ನನ್ನಪ್ಪಾ, ಇದೇನು ಕೈನಾ ಸಲಿಕೆನಾ! ಈ ಕೈಗೆ ಒಲೆ ಹಾಕಿದ್ರೆ ಒಳಗೆ ಕುರಿಮರಿ ನುಗ್ಗಿ ಮಲಗ್ತದೆ ಕಣ್ಲಾ" ಅಂತ ಬಿದ್ದು ಬಿದ್ದು ನಕ್ಕಳು. ಒಲೆ ಒಣಗಿದ ಮೇಲೆ ಮೊದಲ ಬೆಂಕಿ ಹಚ್ಚಿದವಳೂ ಅವಳೇ. ಬೆಂಕಿ ಹತ್ತದಿದ್ದರೆ ಬೇರೆಯವರು ಊದುತ್ತಾರೆ. ಇವಳು ಬೈಯುತ್ತಾಳೆ: "ಏಳೇ, ಎಷ್ಟೊತ್ತು ಮಲಗ್ತೀಯ ಸೋಂಬೇರಿ, ಗಂಡಸ್ರು ಅಸ್ಕೊಂಡವ್ರೆ!" ಸತ್ಯವಾಗಿ ಹೇಳುತ್ತೇನೆ, ಹತ್ತುತ್ತಿತ್ತು.

ಈಗ ರೇಷನ್ನಿನ ಕಾನೂನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವಳ ಎತ್ತರ ನಿಮಗೆ ಕಾಣೋದಿಲ್ಲ. ಮನೆಗೊಂದು ಕಾರ್ಡು. ಕಾರ್ಡಿನಲ್ಲಿ ಮನೆಯವರ ಹೆಸರು. ದೊಡ್ಡವರಿಗೆ ಒಂದು ಯೂನಿಟ್ಟು, ಮಕ್ಕಳಿಗೆ ಅರ್ಧ. ಎಷ್ಟು ಯೂನಿಟ್ಟೋ ಅಷ್ಟು ಅಕ್ಕಿ, ಅಷ್ಟು ಸಕ್ಕರೆ. ಸಂತೆಯ ಅಕ್ಕಿ ಕೊಳ್ಳಲಾಗದವರು ಗಂಜಿಗಾದರೂ ಇದನ್ನೇ ನಂಬಿದ್ದರು. ಆದರೆ ಮನೆ ಅಂದರೆ ಯಾವುದು? ನಮ್ಮ ಕಡೆ ಒಂದೇ ಬಾಗಿಲೊಳಗೆ ಅಣ್ಣ ತಮ್ಮಂದಿರ ಸಂಸಾರ ಮೂರಿರುತ್ತೆ. ಅದಕ್ಕೆ ಆಪೀಸಿನವರು ಗೋಡೆ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿರಲಿಲ್ಲ, ಬಂದವರೇ ಕೇಳುತ್ತಿದ್ದುದು, "ತನಿ ಸಮೈಯಲಾ?" ಬೇರೆ ಅಡಿಗೆಯಾ ಅಂತ. ಬೇರೆ ಒಲೆ ಉರಿದರೆ ಬೇರೆ ಕಾರ್ಡು. ಒಂದೇ ಒಲೆಯಾದರೆ ಒಂದೇ ಕಾರ್ಡು.

ಹೀಗಾಗಿ ಒಲೆ ಹಾಕುವ ಅವ್ವ ಸರ್ಕಾರಕ್ಕಿಂತ ದೊಡ್ಡವಳಾದಳು. ಊರಿನ ತೋಟದ ಮನೆಯ ಯಜಮಾನರೊಬ್ಬರು ಅವಳನ್ನು ಕರೆಸಿ, ಒಬ್ಬೊಬ್ಬ ಮಗನ ಕೋಣೆಗೂ ಒಂದೊಂದು ಒಲೆ ಹಾಕು ಅಂದರಂತೆ. ಅವರ ಮನೆಯಲ್ಲಿ ಉರಿಯುತ್ತಿದ್ದುದು ಒಂದೇ ಒಲೆ, ಉಳಿದದ್ದೆಲ್ಲ ಬರೀ ಕಾರ್ಡಿಗೆ, ಸಕ್ಕರೆಗೆ. ಸೀರೆ ಕೊಡ್ತೀನಿ, ಕುರಿ ಕೊಡ್ತೀನಿ ಅಂತಲೂ ಆಸೆ ತೋರಿಸಿದರು. ಅವ್ವ ಅಂಗಳದಲ್ಲೇ ನಿಂತು, "ಉರೀದ ಒಲೆ ಹಾಕಿದ್ರೆ ಮನೆಗೆ ಆಗಿಬರಾಕಿಲ್ಲ ಸಾಮೀ. ಮೊದ್ಲು ಮಕ್ಳನ್ನ ಬ್ಯಾರೆ ಮಾಡಿ, ಆಮ್ಯಾಕೆ ಕರೀರಿ, ಬತ್ತೀನಿ" ಅಂದು ಕಂಬಳಿ ಕೊಡವಿ ಬಂದುಬಿಟ್ಟಳು. ದೊಡ್ಡವರಿಗೆ ಹಾಗೆ ಹೇಳಬಹುದಾ ಅಂತ ಯಾರೋ ಕೇಳಿದ್ದಕ್ಕೆ, "ದೊಡ್ಡೋರೇನು ಬೆಂಕಿಗಿಂತ ದೊಡ್ಡೋರಾ?" ಅಂದಳು. ಆ ಮಾತು ಕೇಳಿದ ದಿನದಿಂದ ಅವಳು ಅಂಗಡಿಗೆ ಬಂದರೆ ನಾನು ಎದ್ದು ನಿಲ್ಲುವುದನ್ನು ಶುರುಮಾಡಿದೆ. "ಕುಂತ್ಕಳ್ಲಾ, ನಾನೇನು ಕಲೆಕ್ಟ್ರಾ" ಅಂತ ಅದಕ್ಕೂ ಬೈಗುಳ.

ಅವಳ ಬೀದಿಯಲ್ಲೇ ಒಬ್ಬ ಹುಡುಗಿ ಇದ್ದಳು. ಹುಡುಗಿ ಅಂತೀನಿ, ಎರಡು ಮಕ್ಕಳ ತಾಯಿ. ಗಂಡ ಕುರಿ ಮಂದೆ ಹೊಡೆದುಕೊಂಡು ಕಾವೇರಿ ಕೆಳಗಿನ ಭತ್ತದ ಗದ್ದೆಗಳಿಗೆ ಹೋದವನು, ಗೊಬ್ಬರಕ್ಕೆ ಮಂದೆ ನಿಲ್ಲಿಸಿದ್ದ ಹೊಲದಲ್ಲೇ ಹಾವು ಕಚ್ಚಿ ಸತ್ತ. ಮಂದೆ ಊರಿಗೆ ತಿರುಗಿ ಬಂತು, ಅವನು ಬರಲಿಲ್ಲ. ಇವಳ ಹೆಸರು, ಮಕ್ಕಳ ಹೆಸರು ಎಲ್ಲ ಭಾವನ, ಅಂದರೆ ಗಂಡನ ಅಣ್ಣನ, ಕಾರ್ಡಿನಲ್ಲಿ. ಭಾವ ಪ್ರತಿ ಸಲ ಅಕ್ಕಿ ಒಯ್ಯುತ್ತಿದ್ದ, ಅದರಲ್ಲಿ ಈ ಮೂವರ ಪಾಲೂ ಇರುತ್ತಿತ್ತು. ಇವಳ ಮಕ್ಕಳ ತಟ್ಟೆಗೆ ಬರುತ್ತಿದ್ದುದು ಅವರು ಉಂಡು ಮಿಕ್ಕಿದ್ದು. ಬೇರೆ ಹೋಗ್ತೀನಿ ಅಂದರೆ ಭಾವನಿಗೆ ಎಲ್ಲಿಲ್ಲದ ಮಮತೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ! ನಾನೇನು ಮಾಡಲಿ? ಕಾರ್ಡು ತಂದವನ ಚೀಲಕ್ಕೇ ತೂಗಬೇಕು, ಕಾನೂನು ಅದು.

ಕೊನೆಗೆ ಹುಡುಗಿ ಗಟ್ಟಿ ಮನಸ್ಸು ಮಾಡಿ, ಕುರಿ ಕೂಡುತ್ತಿದ್ದ ಸೂರಿನ ಒಂದು ಮಗ್ಗುಲಿಗೆ ಮಕ್ಕಳನ್ನು ಕರೆದುಕೊಂಡು ಹೋದಳು. ಅಲ್ಲಿಗೆ ಅವ್ವ ಮಣ್ಣಿನ ಬುಟ್ಟಿ ಹೊತ್ತು ಬಂದಳು. ಗೇಣು ಅಳೆಯಲು ಕೈ ಹಿಡಿದಾಗ ಹುಡುಗಿ ಅಳತೊಡಗಿದಳಂತೆ. "ಅಳಬ್ಯಾಡ ಕಣೇ, ಮಣ್ಣು ನೀರಾಗ್ತದೆ" ಅಂದಳಂತೆ ಅವ್ವ. ಒಲೆ ಆಯಿತು. ಹುಡುಗಿ ಕಳೆ ಕೀಳೋಕೆ ಹೋಗಿ ತಂದ ಸಾಮೆ, ಬೇಲಿ ಸೊಪ್ಪು, ಏನು ಸಿಕ್ಕಿದರೆ ಅದು ಆ ಒಲೆ ಮೇಲೆ ಬೇಯುತ್ತಿತ್ತು. ಏನೂ ಸಿಗದ ದಿನ ಬರೀ ನೀರೂ ಕಾದಿದ್ದುಂಟು, ಮಕ್ಕಳು ಮಲಗುವ ತನಕ. ನಾನು ಅವಳ ಹೆಸರಲ್ಲಿ ಬೇರೆ ಕಾರ್ಡಿಗೆ ಅರ್ಜಿ ಬರೆದು ಮೆಟ್ಟೂರಿನ ತಾಲೂಕು ಆಪೀಸಿಗೆ ಕೊಟ್ಟು ಬಂದೆ. ಆ ಕಾರ್ಡು ಬಂದರೆ ಮಕ್ಕಳು ಬದುಕಿದವು, ಇಲ್ಲದಿದ್ದರೆ ಮತ್ತೆ ಭಾವನ ಮನೆ ಬಾಗಿಲು. ಅಷ್ಟೇ ಲೆಕ್ಕ.

ಆಪೀಸರು ನೋಡೋಕೆ ಬರುವ ದಿನ ಗೊತ್ತಾಯಿತು. ಇಲ್ಲಿ ನೋಡಿ ಎಡವಟ್ಟಾದದ್ದು. ದೊಡ್ಡ ಮನುಷ್ಯರು ಮನೆಗೆ ಬರುತ್ತಾರೆ ಅಂದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಹುಡುಗಿ ನಸುಕಿನಲ್ಲೇ ಎದ್ದು ಒಲೆಯೊಳಗಿನ ಬೂದಿಯನ್ನೆಲ್ಲ ತೆಗೆದು ತಿಪ್ಪೆಗೆ ಹಾಕಿದಳು. ಸಗಣಿ ಕೆಮ್ಮಣ್ಣು ಕಲಸಿ ಒಲೆಯ ಒಳಗೂ ಹೊರಗೂ ಸಾರಿಸಿದಳು. ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದಳು. ಒಲೆ ಮೇಲೆ ಬಿಳೀ ಗೆರೆ ಎಳೆದು ರಂಗೋಲಿ ಇಟ್ಟಳು. ಇಷ್ಟು ಚೆಂದ ಮಾಡಿದ ಒಲೆಯನ್ನು ಆಪೀಸರು ನೋಡುವ ಮೊದಲೇ ಉರಿಸಿ ಕೆಡಿಸೋದೇ? ಆವತ್ತು ಬೆಳಿಗ್ಗೆ ಮಕ್ಕಳಿಗೆ ಅವ್ವನ ಮನೆಯಲ್ಲಿ ಗಂಜಿ ಕುಡಿಸಿದ್ದಳು.

ಆಪೀಸರು ಬಂದರು. ಕೆಟ್ಟವರಲ್ಲ ಅವರು, ಅದನ್ನು ಹೇಳಲೇಬೇಕು. ಬಿಸಿಲಲ್ಲಿ ಸೈಕಲ್ಲು ತುಳಿದು ಊರೂರು ಸುತ್ತಿ ಬೇಸತ್ತ ಮನುಷ್ಯ. ಕಾರ್ಡಿಗೋಸ್ಕರ ರಾತ್ರೋರಾತ್ರಿ ಎದ್ದ ಸುಳ್ಳು ಒಲೆಗಳನ್ನು ಬೇಕಾದಷ್ಟು ನೋಡಿದ್ದರು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ದಿಟ್ಟಿಸಿದರು. ತಮಿಳು ತಿಳಿಯದ ಹುಡುಗಿ, ಅವರಿಗೆ ತನ್ನ ಒಲೆ ಹಿಡಿಸಿತು ಅಂದುಕೊಂಡು, ಸೆರಗು ಬಾಯಿಗೆ ಹಿಡಿದು ನಾಚಿ ನಗುತ್ತಿದ್ದಳು. ಆ ನಗು ನೋಡಲಾರದೆ ನಾನು ಮುಖ ತಿರುಗಿಸಿದೆ, ಯಾಕೆಂದರೆ ಆಪೀಸರು ಆಗಲೇ ಅಂದಾಗಿತ್ತು: "ಪುದು ಅಡುಪ್ಪು. ಸಾಂಬಲ್ ಕೂಡ ಇಲ್ಲೈ." ಹೊಸಾ ಒಲೆ, ಬೂದಿ ಕೂಡ ಇಲ್ಲ.

"ಸಾರ್, ನೀವು ಬರ್ತೀರ ಅಂತ ಸಾರಿಸಿದಾಳೆ" ಅಂದೆ.

"ಎಲ್ಲಾ ಊರಲ್ಲೂ ಇದೇ ಹೇಳ್ತಾರಪ್ಪಾ" ಅಂದರು.

ಭಾವ ಅಲ್ಲೇ ಕೈ ಕಟ್ಟಿ ನಿಂತಿದ್ದ. "ನಮ್ ಜೊತೇಲೇ ಉಣ್ಣಾದು ಸಾರ್, ಇದೆಲ್ಲಾ ಸುಮ್ನೆ" ಅಂತ ತಮಿಳಿನಲ್ಲಿ ಬೆಣ್ಣೆ ಹಚ್ಚಿ ಹೇಳಿದ. ಅವ್ವ ಮುಂದೆ ಬಂದು ಒಲೆಯ ಬಾಯನ್ನು ಉಗುರಿಂದ ಕೆರೆದು ಕೆಳಗಿನ ಮಸಿ ತೋರಿಸಿದಳು. ಒಂದು ದಿನ ಸೌದೆ ಉರಿಸಿದರೂ ಮಸಿ ಹಿಡಿಯುತ್ತೆ ಅಂದರು ಆಪೀಸರು. ಅರ್ಜಿಗೆ ಅಡ್ಡಗೆರೆ ಎಳೆದರು. ಆಮೇಲೆ, ಆ ಮಕ್ಕಳನ್ನು ನೋಡಿ ಅವರಿಗೇ ಏನನ್ನಿಸಿತೋ, ನನ್ನ ಕಡೆ ತಿರುಗಿ ಹೇಳಿದರು: ಇವಳಿಗೆ ಭಾವನ ಜೊತೆ ಬೇಡವಾದರೆ ಬೇರೆ ಯಾರಾದರೂ ತಮ್ಮ ಕಾರ್ಡಿಗೆ ಸೇರಿಸಿಕೊಳ್ಳಲಿ, ಆದರೆ ಅವರೂ ಇವಳೂ ಒಂದೇ ಒಲೆಯಲ್ಲಿ ಉಣ್ಣುವವರಾಗಿರಬೇಕು, ಅದನ್ನು ಅವರ ಬಾಯಿಂದಲೇ ಕೇಳಿ ಬರೆಯೋದು.

ನನಗೆ ಜೀವ ಬಂತು. ಅವ್ವನ ಕಾರ್ಡಿನಲ್ಲಿ ಅವಳೊಬ್ಬಳದೇ ಹೆಸರು. ಅವಳ ಕಿವಿಯಲ್ಲಿ ಪಿಸುಗುಟ್ಟಿದೆ, "ಅವ್ವಾ, ಇವಳು ನಿನ್ ಮನೇಲೇ ಉಣ್ಣಾದು ಅಂತ ಒಂದ್ ಮಾತು ಅನ್ನು. ಮುಗೀತು. ಮಕ್ಕಳು ಇವತ್ತು ಬೆಳಿಗ್ಗೆ ನಿನ್ ಮನೆ ಗಂಜೀನೇ ಕುಡಿದವೆ."

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. "ಅವಳ ಒಲೆ ಇಲ್ಲೈತೆ, ನನ್ ಒಲೆ ಅಲ್ಲೈತೆ. ಎರಡು ಉರೀತಾ ಇರುವಾಗ ಒಂದು ಅಂತ ಯಾವ ಬಾಯಾಗೆ ಅನ್ಲಿ? ನಾನು ಹಾಕಿದ ಒಲೇನ ನಾನೇ ಇಲ್ಲ ಅನ್ಲಾ?"

"ಮಕ್ಕಳ ಹೊಟ್ಟೆ ಅವ್ವಾ..."

"ಗೊತ್ತು ಕಣ್ಲಾ" ಅಂದಳು. ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. ಆಪೀಸರಿಗೆ ಕೈ ಸನ್ನೆ ಮಾಡಿ, "ಬಾ ಸಾಮೀ" ಅಂದು ತನ್ನ ಮನೆ ಕಡೆ ನಡೆದಳು. ಆಪೀಸರೂ ಹೋದರು, ನಾವೂ ಹಿಂದೆಯೇ ಹೋದೆವು.

ಅವಳ ಒಲೆ ಮೇಲೆ ರಾಗಿ ಹಿಟ್ಟಿಗೆ ಎಸರು ಕುದಿಯುತ್ತಿತ್ತು. ಬಟ್ಟೆ ಹಿಡಿದು ಪಾತ್ರೆ ಇಳಿಸಿ, ಆ ಬಿಸಿನೀರನ್ನೇ ಬೆಂಕಿಗೆ ಸುರಿದಳು. ಮನೆಯೆಲ್ಲ ಬೂದಿ, ಹೊಗೆ. ಏನು ಮಾಡುತ್ತಿದ್ದಾಳೆ ಅಂತ ಯಾರಿಗೂ ಅರ್ಥವಾಗುವ ಮೊದಲೇ ಮೂಲೆಯಲ್ಲಿದ್ದ ಒನಕೆ ಎತ್ತಿ ಒಲೆಯ ನೆತ್ತಿಗೆ ಹಾಕಿದಳು.

"ಅಯ್ಯಯ್ಯೋ, ಬ್ಯಾಡವ್ವೋ!" ಅಂತ ಹೆಂಗಸರು ಬಾಗಿಲಲ್ಲಿ ಬಾಯಿ ಬಡಿದುಕೊಂಡರು. ಅವರು ಯಾಕೆ ಹಾಗೆ ಕೂಗಿದರು ಅಂತ ನಿಮಗೆ ತಿಳಿಯಬೇಕು. ಆ ಊರಲ್ಲಿ ಒಲೆ ಒಡೆಯೋದು ಸಾವಿಗೆ ಮಾತ್ರ. ಮನೆಯೊಡತಿ ಸತ್ತು ಹೆಣ ಹೊಸ್ತಿಲು ದಾಟಿದ ಮೇಲೆ ಅವಳ ಒಲೆಯನ್ನು ಒಡೆಯುತ್ತಾರೆ. ತಿಥಿ ಕಳೆದು ಹೊಸ ಒಲೆ ಹಾಕಿಸುವ ತನಕ ಆ ಮನೆಯಲ್ಲಿ ಬೆಂಕಿ ಇಲ್ಲ, ಉಣ್ಣೋದು ನೆಂಟರು ಕಳಿಸಿದ್ದು. ಬದುಕಿರುವವಳು ತನ್ನ ಒಲೆಯನ್ನು ಒಡೆದರೆ ಸಾವನ್ನು ಮನೆಗೆ ಕರೆದ ಹಾಗೆ. ಊರಿಗೆಲ್ಲ ಒಲೆ ಹಾಕಿದವಳಿಗೆ ಇದು ಗೊತ್ತಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒಡೆದಳು, ಕೆಂಡದಂಥ ಬಿಸಿ ಹೆಂಟೆಗಳು ಕಾಲ ಮೇಲೆ ಉರುಳುತ್ತಿದ್ದರೂ ನಿಲ್ಲಿಸದೆ, ನೆಲಸಮವಾಗುವ ತನಕ.

ಒನಕೆಯನ್ನು ಗೋಡೆಗೆ ಒರಗಿಸಿ, ಏದುಸಿರು ಬಿಡುತ್ತ, ತನ್ನ ಹರಕು ಮುರುಕು ತಮಿಳಿನಲ್ಲಿ ಆಪೀಸರಿಗೆ ಹೇಳಿದಳು:

"ಸಾಮೀ, ಇಪ್ಪೊ ಕೇಳು. ಒರೇ ಅಡುಪ್ಪು."

ಈಗ ಕೇಳು. ಒಂದೇ ಒಲೆ.

ಒಂದು ಸುಳ್ಳು ಅಂದಿದ್ದರೆ ಆಗುತ್ತಿತ್ತು, ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ, ದೇವರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇವಳು ಮಾತನ್ನು ಬಗ್ಗಿಸಲಿಲ್ಲ, ತನ್ನ ಬದುಕನ್ನೇ ಆ ಮಾತಿನ ಅಳತೆಗೆ ಕತ್ತರಿಸಿಕೊಂಡಳು. ಎಂಥಾ ಹೆಂಗಸಪ್ಪಾ!

ಆಪೀಸರು ಜಗಲಿ ಮೇಲೆ ಕೂತುಬಿಟ್ಟರು. ನೀರು ಕೇಳಿ ಕುಡಿದರು. ಆಮೇಲೆ ಎದ್ದು ಮತ್ತೆ ಆ ಹುಡುಗಿಯ ಸೂರಿಗೆ ಹೋದರು, ಈ ಸಲ ಚಪ್ಪಲಿ ಹೊರಗೆ ಬಿಟ್ಟು. ಹುಡುಗಿಯ ಮತ್ತು ಮಕ್ಕಳ ಹೆಸರನ್ನು ಭಾವನ ಕಾರ್ಡಿನಿಂದ ತೆಗೆದು ಅವ್ವನ ಕಾರ್ಡಿಗೆ ಸೇರಿಸಿ ಬರೆದರು. ಭಾವ ಗೊಣಗಿದ, ಅವರು ತಲೆ ಎತ್ತಿಯೂ ನೋಡಲಿಲ್ಲ. ಯಜಮಾನಿ ಅಂತ ನಿನ್ನ ಹೆಸರೇ ಇರಲಿ ಅಲ್ಲವಾ ಅಂತ ಅವ್ವನನ್ನು ಕೇಳಿದರು. ಅದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಒಲೆ ಯಾರದೋ ಅವಳೇ ಯಜಮಾನಿ. ಅವಳದ್ದು ಮ್ಯಾಲೆ ಬರೀ ಅನ್ನು. ನಂದು ಕೆಳಾಕಿರ್ಲಿ" ಅಂದಳು.

ಅದಕ್ಕೆ ಅವಳು ತೆತ್ತದ್ದು ಸಣ್ಣದಲ್ಲ. ಬದುಕಿದ್ದಾಗಲೇ ಒಲೆ ಒಡೆದವಳು ಅಂತ ಊರ ಹೆಂಗಸರಿಗೆ ಭಯ ಹತ್ತಿತು. ಮದುವೆ ಮನೆಗೆ, ಹೊಸ ಮನೆಗೆ ಅವಳನ್ನು ಒಲೆ ಹಾಕೋಕೆ ಕರೆಯುವುದು ನಿಂತೇ ಹೋಯಿತು. ಮೇಚೇರಿಯಿಂದ ಬೇರೆ ಯಾರನ್ನೋ ಕರೆಸತೊಡಗಿದರು. ಜೀವಮಾನವೆಲ್ಲ ಮಾಡಿದ ಕೆಲಸ, ಊರಲ್ಲಿ ಅವಳಿಗಿದ್ದ ಒಂದೇ ಮರ್ಯಾದೆ! ನಾನು ಊರವರನ್ನೆಲ್ಲ ಬೈಯುತ್ತಿದ್ದರೆ ಅವಳು, "ಬಿಡ್ಲಾ, ಸೊಂಟ ನೋವು ಕಮ್ಮಿ ಆಯ್ತು" ಅಂದಳು. ನನ್ನ ಮದುವೆಯಾದಾಗ ಮಾತ್ರ ಹಟ ಹಿಡಿದು ಅವಳನ್ನೇ ಕರೆದೆ. ಹೊಸ ಹೆಂಡತಿಯ ಕೈ ಹಿಡಿದು ಗೇಣು ಅಳೆದು, "ಈ ಕೈ ಪರವಾಗಿಲ್ಲ, ನಿನ್ ಸಲಿಕೆ ಕೈಗೆ ಈ ಹೆಣ್ಣು ಎಲ್ಲಿ ಸಿಕ್ತಲಾ?" ಅಂದಳು. ಆ ಒಲೆ ನಾವು ಊರು ಬಿಡುವ ತನಕ ಬಿರುಕು ಬಿಡಲಿಲ್ಲ.

ಅಂಗಡಿಗೆ ಈಗ ಕಾರ್ಡು ಹಿಡಿದು ಬರುತ್ತಿದ್ದವಳು ಹುಡುಗಿ. ಅವ್ವ ಪಕ್ಕದಲ್ಲಿ ನಿಂತು ತಕ್ಕಡಿ ಮುಳ್ಳನ್ನೂ ನನ್ನ ಬೆರಳನ್ನೂ ನೋಡುತ್ತಿದ್ದಳು, ಅದೊಂದನ್ನು ಕೊನೆತನಕ ಬಿಡಲಿಲ್ಲ. ಉಣ್ಣುವ ಹೊತ್ತಿಗೆ ಸೂರಿನ ಮುಂದೆ ಬಂದು ಕೂರುತ್ತಿದ್ದಳು. ಒಂದು ದಿನವೂ ಒಳಗೆ ಹೋಗಿ ತಾನೇ ಪಾತ್ರೆ ಮುಟ್ಟಲಿಲ್ಲ. ತನಗಿಂತ ಎಷ್ಟೋ ಚಿಕ್ಕವಳಾದ ಆ ಹುಡುಗಿಗೆ, "ಅವ್ವಾ, ಒಂದು ತುತ್ತು ಇಕ್ಕು" ಅನ್ನುತ್ತಿದ್ದಳು. ಊರಿಗೆಲ್ಲ ಅವ್ವ ಆಗಿದ್ದವಳ ಬಾಯಲ್ಲಿ ಆ ಮಾತು ಕೇಳಿ ಹುಡುಗಿ ಮೊದಮೊದಲು ಅತ್ತಳಂತೆ. ಆಮೇಲೆ ರೂಢಿಯಾಯಿತು.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಏಳಲಿಲ್ಲ. ನಾನು ಅಂಗಡಿ ಮುಚ್ಚಿ ಹೋದೆ. ಅವಳಿಗೆ ಹೆದರಿ ದೂರವಿದ್ದ ಹೆಂಗಸರೂ ಬಂದು ಸೇರಿದ್ದರು. ಹೆಣ ಎತ್ತಿದರು, ತಮಟೆ ಹಿಂದೆ ಗಂಡಸರು ಹೊರಟರು. ನಾನು ಬೀದಿಗೆ ಇಳಿಯುವಷ್ಟರಲ್ಲಿ ಹಿಂದೆ ಗದ್ದಲವೆದ್ದಿತು. ಹುಡುಗಿ ಒನಕೆ ಹಿಡಿದು ತನ್ನ ಒಲೆ ಮುಂದೆ ನಿಂತಿದ್ದಳು. "ಅವ್ವ ಉಂಡ ಒಲೆ ಇದು, ಇದನ್ನ ಒಡೀಬೇಕು" ಅಂತ ಅವಳ ಅಳು. ಮಕ್ಕಳು ಗೋಡೆಗೆ ಅಂಟಿಕೊಂಡಿದ್ದವು, ಬೆಳಿಗ್ಗೆಯಿಂದ ಹೊಟ್ಟೆಗೇನೂ ಇಲ್ಲ. ಸತ್ತವರ ಮನೆಗೆ ಅನ್ನ ಕಳಿಸುವ ನೆಂಟರೂ ಅವರಿಗೆ ಯಾರಿದ್ದರು?

ಅವ್ವ ಒಲೆ ಒಡೆದ ದಿನ ಬಾಗಿಲಲ್ಲಿ ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಂಡಿದ್ದ ಮುದುಕಿಯೊಬ್ಬಳು ಹೆಂಗಸರ ನಡುವಿಂದ ಮುಂದೆ ಬಂದಳು. ಹುಡುಗಿಯ ಕೈಯಿಂದ ಒನಕೆ ಕಿತ್ತುಕೊಂಡಳು.

"ಅವಳ ಒಲೆ ಅವಳೇ ಆವತ್ತೇ ಒಡ್ಕೊಂಡು ಹೋದ್ಲು ಕಣೇ. ಅವಳ ಪಾಲಿಂದು ಇನ್ನೇನೂ ಒಡ್ಯಾಕೆ ಉಳಿದಿಲ್ಲ. ಇದು ನಿಂದು. ಹಚ್ಚು, ಮಕ್ಳು ಅಸ್ಕೊಂಡವೆ."

ಹುಡುಗಿ ಕಣ್ಣೊರೆಸಿಕೊಂಡು ಕೂತು ಕಡ್ಡಿ ಗೀರಿದಳು. ತಮಟೆ ಸದ್ದು ಇನ್ನೂ ಕೇಳುತ್ತಿದ್ದಾಗಲೇ ಆ ಸೂರಿನಿಂದ ಹೊಗೆ ಎದ್ದಿತು. ಸಾವಾದ ದಿನವೇ ಒಲೆ ಉರಿದದ್ದನ್ನು ಆ ಊರಲ್ಲಿ ನಾನು ಕಂಡದ್ದು ಅದೊಂದೇ ಸಲ. ಮಕ್ಕಳು ಬಿಸಿ ಗಂಜಿ ಉಂಡವು.